ಚೆಂಗ್ದುವಿನಲ್ಲೊಬ್ಬಳು ಪಾಯಾಳು

ಮೊದಲ ದಿನ ಗುರುಗಳು ನನ್ನ ಮುಂದೆ ಅಕ್ಕಿ ತುಂಬಿದ ಬಟ್ಟೆಯ ಚೀಲವೊಂದನ್ನು ಇಟ್ಟು, ಇದೇ ನಿನ್ನ ರೋಗಿ, ಮೂರು ತಿಂಗಳು ಇದರ ಬೆನ್ನು ನೀವುತ್ತಿರು ಎಂದು ಹರುಕು ಇಂಗ್ಲಿಷಿನಲ್ಲಿ ಹೇಳಿದರು. ತಮಾಷೆ ಇರಬೇಕೆಂದು ನಕ್ಕೆ. ಬೇರೆ ಯಾರೂ ನಗಲಿಲ್ಲ. ಸುತ್ತ ಹನ್ನೆರಡು ಜನ ಹನ್ನೆರಡು ಚೀಲಗಳ ಮುಂದೆ ಕುಳಿತು ಆಗಲೇ ಮುಂಗೈ ಹೊರಳಿಸತೊಡಗಿದ್ದರು. ವಿಜಯಪುರದ ಒಂದು ಪ್ರಕೃತಿ ಚಿಕಿತ್ಸಾಲಯದಲ್ಲಿ ಆರು ವರ್ಷ ಮನುಷ್ಯರ ಬೆನ್ನು ನೀವಿದ್ದ ನಾನು ಚೀನಾದ ಚೆಂಗ್ದು ಎಂಬ ಊರಿಗೆ ಬಂದು ಅಕ್ಕಿಯ ಸೇವೆಗೆ ನಿಂತೆ.

ಇಲ್ಲಿಯ ಮಾಲಿಷ್ ವಿದ್ಯೆಗೆ ‘ಥುಯ್‌ನಾ’ ಎನ್ನುತ್ತಾರೆ. ಥುಯ್ ಎಂದರೆ ನೂಕುವುದು, ನಾ ಎಂದರೆ ಹಿಡಿಯುವುದು. ನಾನು ಹೊರಟಾಗ ಬಾಬಲೇಶ್ವರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕಾಕಾ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು: “ಮಾಲಿಷ್ ಕಲ್ಯಾಕ ಚೀನಾಕ ಹೊಂಟಾಳಂತ. ಯಾಕ, ಇಲ್ಲಿ ಯಾರಿಗೂ ಕೈ ಇಲ್ಲೇನು?” ಅವ್ವನ ನಡ ಎರಡು ವರ್ಷದಿಂದ ಹಿಡಿದುಕೊಂಡಿತ್ತು. ನನಗೆ ಗೊತ್ತಿದ್ದ ಯಾವ ಎಣ್ಣೆ, ಯಾವ ಶಾಖಕ್ಕೂ ಅದು ಬಗ್ಗಿರಲಿಲ್ಲ. ಅದನ್ನು ಬಿಡಿಸುವಷ್ಟು ಕಲಿತು ಬರಬೇಕು ಎನ್ನುವುದೊಂದೇ ನನ್ನ ಹಟವಾಗಿತ್ತು.

ನನ್ನ ಕೋಣೆ ಆರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಿಟಕಿ ತೆರೆದರೆ ಎದುರಿನವರ ಅಡುಗೆಮನೆ. ನಮ್ಮಲ್ಲಿ ಬಿಸಿಲಿಗೆ ಹೆದರಿ ಜನ ಒಳಗೆ ಸೇರುತ್ತಾರೆ. ಇಲ್ಲಿ ವಾರಗಟ್ಟಲೆ ಮೋಡ ಮುಸುಕಿದ್ದು ಒಂದು ದಿನ ಬಿಸಿಲು ಬಿದ್ದರೆ ಸಾಕು, ಕುರ್ಚಿ ಹೊತ್ತುಕೊಂಡು ಉದ್ಯಾನಕ್ಕೆ ಓಡುತ್ತಾರೆ. ನಾನೂ ಓಡುತ್ತಿದ್ದೆ. ಪಕ್ಕದಲ್ಲಿ ಕುಳಿತವರು ಮುಗುಳ್ನಕ್ಕು ಏನೋ ಕೇಳುತ್ತಿದ್ದರು, ನಾನು ಅರ್ಥವಾಗದೆ ತಲೆಯಾಡಿಸುತ್ತಿದ್ದೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಸಂಜೆ ಅಭ್ಯಾಸಕ್ಕೆಂದು ಚೀಲವನ್ನು ಕೋಣೆಗೆ ತಂದುಕೊಳ್ಳುತ್ತಿದ್ದೆ. “ಈಗ ಸ್ವಲ್ಪ ಹಗರ ಅನಸ್ತೈತೇನ್ ಬೇ?” ಎಂದು ಅದನ್ನು ಕೇಳುತ್ತಿದ್ದೆ. ಆ ತಿಂಗಳುಗಳಲ್ಲಿ ಎದುರಿಗೆ ಕುಳಿತು ನನ್ನ ಕನ್ನಡ ಕೇಳಿದ್ದು ಆ ಅಕ್ಕಿ ಚೀಲ ಮಾತ್ರ.

ಮೈ ಮುಟ್ಟುವ ಕೆಲಸ ಕಲಿಯುವವಳಿಗೆ ಒಂಟಿತನ ಹೇಗೆ ಬಂತು ಎಂದು ನೀವು ಕೇಳಬಹುದು. ತರಗತಿಯವರು ನನ್ನ ಬೆನ್ನ ಮೇಲೂ ಅಭ್ಯಾಸ ಮಾಡುತ್ತಿದ್ದರು. ಆದರೆ ಅವು ನರ ಹುಡುಕುವ ಬೆರಳುಗಳು. ಅವ್ವ ಯಾವುದೋ ಮಾತಾಡುತ್ತ ಸುಮ್ಮನೆ ನನ್ನ ತೊಡೆಯ ಮೇಲೆ ಕೈ ಇಡುತ್ತಾಳಲ್ಲ, ಅಂಥ ಕೈ ಇಡೀ ಊರಿನಲ್ಲಿ ಒಂದೂ ಇರಲಿಲ್ಲ.

ಚೀಲದ ಪಾಠ ಮುಗಿದು ಮೊದಲ ಬಾರಿ ಒಬ್ಬ ಅಜ್ಜಿಯ ಭುಜ ಒತ್ತಿದಾಗ ಅವರು “ಸ್ವಾನ್, ಸ್ವಾನ್” ಎಂದರು. ಸಂತೆಯಲ್ಲಿ ಕಲಿತ ಪದ ಅದು, ಹುಳಿ ಎಂದರ್ಥ. ನನ್ನ ಕೈ ಹುಳಿ ವಾಸನೆ ಬರುತ್ತಿರಬೇಕೆಂದು ಗಾಬರಿಯಾಗಿ ಹೋಗಿ ಸೋಪು ಹಚ್ಚಿ ತೊಳೆದು ಬಂದೆ. ಮತ್ತೆ ಒತ್ತಿದೆ, ಮತ್ತೆ ಸ್ವಾನ್! ಎರಡನೇ ಸಲ ಕೈ ತೊಳೆಯಲು ಹೊರಟಾಗ ಗುರುಗಳು ತಡೆದು ಬಿಡಿಸಿ ಹೇಳಿದರು. ಮಾಂಸಖಂಡದ ನೋವನ್ನೂ ಇವರು ಹುಳಿ ಎಂದೇ ಕರೆಯುತ್ತಾರೆ. ರೋಗಿ ಹುಳಿ ಎಂದರೆ ಸರಿಯಾದ ಜಾಗ ಸಿಕ್ಕಿತೆಂದು ಅರ್ಥ. ನಮ್ಮ ಉಳುಕು, ಸೆಳೆತ, ಜೋಮುಗಳ ಪಕ್ಕದಲ್ಲಿ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಜೋಳವೂ ಇಲ್ಲಿದೆ. ಆದರೆ ಇವರು ಅದನ್ನು ಹೆಚ್ಚಾಗಿ ಸಾರಾಯಿ ಕಾಯಿಸಲು ಬಳಸುತ್ತಾರೆ. ಹುಡುಕಾಡಿ ಹಿಟ್ಟು ತಂದು ರೊಟ್ಟಿ ಬಡಿದರೆ ಅಂಟಂಟಾಗಿ ಕೈಬಿಡಲೊಲ್ಲದು. ಐದನೆಯದು ಒಂದಿಷ್ಟು ದುಂಡಗಾಯಿತು. ಕೆಂಪು ಖಾರ ಹಚ್ಚಿಕೊಂಡು ನಿಂತೇ ತಿಂದೆ, ತಿನ್ನುತ್ತ ಅತ್ತೆ.

ನಿಜವಾದ ಕಷ್ಟ ವರ್ಷದ ಕೊನೆಗೆ ಬಂತು. ಕೈಗೆ ಬಗ್ಗದ ಗಟ್ಟಿ ಬೆನ್ನುಗಳನ್ನು ಇಲ್ಲಿ ಕಾಲಿನಿಂದ ತುಳಿದು ಸಡಿಲಿಸುತ್ತಾರೆ. ತಲೆಯ ಮೇಲೆ ಎರಡು ಮರದ ಸರಳು ಕಟ್ಟಿರುತ್ತಾರೆ. ಅವನ್ನು ಹಿಡಿದು, ಮೈಭಾರವನ್ನು ತೋಳುಗಳಿಗೆ ಕೊಟ್ಟು, ಬೇಕಾದಷ್ಟನ್ನೇ ಅಂಗಾಲಿನ ಮೂಲಕ ಇಳಿಸಬೇಕು. ಈ ಪರೀಕ್ಷೆ ಪಾಸಾಗದಿದ್ದರೆ ಪ್ರಮಾಣಪತ್ರವಿಲ್ಲ; ಕಾಕಾನ ಮಾತು ನಿಜವಾದಂತೆ. ಭಾರ ಅಳೆಯಲು ಸ್ವತಃ ಗುರುಗಳೇ ಬೋರಲಾಗಿ ಮಲಗಿದರು. ಅಪ್ಪನ ವಯಸ್ಸಿನವರು, ತಲೆಯೆಲ್ಲ ಬೆಳ್ಳಗಾಗಿದೆ.

ಸರಳು ಹಿಡಿದು ನಿಂತೆ. ಕಾಲು ಎತ್ತಿದೆ. ತಪ್ಪಿ ಯಾರಿಗಾದರೂ ಕಾಲು ತಾಗಿದರೆ ನಾವು ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಕಾಲು ತಾಗುವ ಮೊದಲೇ ನನ್ನ ಕೈ ಆ ಕೆಲಸಕ್ಕೆ ಇಳಿಯಿತು. ಬಗ್ಗಿ ಅವರ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮತ್ತೆ ಕಾಲು ಎತ್ತಿದೆ, ಮತ್ತೆ ಬಗ್ಗಿದೆ. ಮೂರು ಸಲ ಹೀಗಾಯಿತು. “ಇದು ಯಾವ ವಿಧಾನ?” ಎಂದು ಗುರುಗಳು ಕೆಳಗಿನಿಂದ ಕೇಳಿದರು. ತರಗತಿಯ ಹುಡುಗಿಯೊಬ್ಬಳು ಅದನ್ನು ಶ್ರದ್ಧೆಯಿಂದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಹತ್ತು ದಿನ ಬಿಟ್ಟು ಬಾ ಎಂದು ನನ್ನನ್ನು ಇಳಿಸಿದರು.

ನಗು ಬರುವ ಸಂಗತಿಯೇ. ನನಗೆ ಮಾತ್ರ ಕೋಣೆಗೆ ಬಂದ ಮೇಲೆ ಸಿಟ್ಟು ಉಕ್ಕಿತು, ಗುರುಗಳ ಮೇಲಲ್ಲ. ನಮ್ಮ ಕಡೆಯವರಿಗೆ ಪಾಯಾಳು ಎಂದರೆ ಗೊತ್ತು: ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅವರು ತುಳಿದರೆ ಉಳುಕಿದ ನಡ ಬಿಡುತ್ತದೆ ಎಂದು ನಂಬಿಕೆ. ಅವ್ವನ ತವರು ಕನಮಡಿಯಲ್ಲಿ ನಾನು ಹುಟ್ಟಿದ್ದು ಹಾಗೆ. ರಜೆಗೆ ಹೋದಾಗಲೆಲ್ಲ ಅಜ್ಜಿಯ ಅಂಗಳದಲ್ಲಿ ಗಡ್ಡದ ಗೌಡರೂ ಬೋರಲು ಮಲಗುತ್ತಿದ್ದರು. ನಾನು ಬಲಗಾಲಿನಿಂದ ಮೂರು ಸಲ ತುಳಿಯುತ್ತಿದ್ದೆ, ಎದ್ದವರು ಬೆಲ್ಲ ಕೊಟ್ಟು ನನ್ನ ಕಾಲು ಮುಟ್ಟಿ ಹೋಗುತ್ತಿದ್ದರು. ನನಗೆ ಹನ್ನೆರಡು ತುಂಬಿದ ಮೇಲೆ ಒಂದು ದಿನ ಟಿಕೋಟಾದಿಂದ ಬಂದವರನ್ನು ಅಜ್ಜಿ ಬಾಗಿಲಿಂದಲೇ ತಿರುಗಿ ಕಳಿಸಿದಳು. “ಇನ್ನ ಸಾಕವಾ, ದೊಡ್ಡಾಕಿ ಆದಿ. ಹೆಣ್ಮಗಳು ಮಂದಿ ಮೈಮ್ಯಾಲ ಕಾಲಿಡಬಾರದು,” ಎಂದಳು. ಹಿಂದಿನ ದಿನ ಪೂಜೆಗೆ ಬಂದಿದ್ದ ಕಾಲು ಅಂದು ಮೈಲಿಗೆಯಾಯಿತು. ಅದೇ ಕಾಲು, ಅದೇ ನಾನು. ಆ ಸಿಟ್ಟು ಅಷ್ಟು ದೂರದಿಂದ ನನ್ನ ಜೊತೆ ಬಂದಿತ್ತೆಂದು ನನಗೇ ತಿಳಿದಿರಲಿಲ್ಲ.

ಹತ್ತು ದಿನವೂ ನೆಲದ ಮೇಲೆ ಚೀಲ ಹಾಕಿ, ಕಿಟಕಿಯ ಸರಳು ಹಿಡಿದು ತುಳಿದೆ. ಹನ್ನೊಂದನೆಯ ದಿನ ಗುರುಗಳು ಮಲಗಿದಾಗ ಒಂದೇ ಸಲ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮೇಲೆ ಹತ್ತಿದೆ. ಅಂಗಾಲಿನ ಕೆಳಗೆ ಅವರ ಬೆನ್ನು ಉಸಿರಾಡುವುದು ತಿಳಿಯುತ್ತಿತ್ತು. ನಡದ ಎಡಗಡೆ ಒಂದು ಗಂಟು ಸಿಕ್ಕಿತು. ಹಿಮ್ಮಡಿ ಇಟ್ಟು ಭಾರ ಬಿಟ್ಟೆ. “ಸ್ವಾ...ನ್,” ಎಂದು ಅವರು ಉದ್ದಕ್ಕೆ ಉಸಿರು ಬಿಟ್ಟರು.

ಎದ್ದು ಕುಳಿತು, ಇದನ್ನು ಮೊದಲೇ ಯಾರು ಕಲಿಸಿದ್ದರು ಎಂದು ಕೇಳಿದರು. ಪಾಯಾಳು ಎನ್ನಲು ಚೀನೀ ಮಾತು ನನ್ನಲ್ಲಿರಲಿಲ್ಲ. ಹಾಳೆಯ ಮೇಲೆ ಕಾಲು ಮುಂದಾಗಿ ಬರುವ ಕೂಸಿನ ಚಿತ್ರ ಬರೆದು ತೋರಿಸಿದೆ. ಅವರು ಹಾಳೆಯನ್ನು ತಿರುಗಿಸಿ ನೋಡಿದರು. “ಹಾಗಾದರೆ ನೀನು ಭೂಮಿಗೆ ನಡೆದುಕೊಂಡೇ ಬಂದವಳು,” ಎಂದರು. ತಮ್ಮ ಚಿಕಿತ್ಸಾಲಯದಲ್ಲಿ ಇನ್ನೆರಡು ವರ್ಷ ಕೆಲಸ ಮಾಡು ಎಂದೂ ಹೇಳಿದರು. ಅವ್ವನನ್ನು ಕೇಳಿ ಹೇಳುತ್ತೇನೆ ಎಂದೆ. ಮನಸ್ಸಿನಲ್ಲಿ ಆಗಲೇ ಪೆಟ್ಟಿಗೆ ಕಟ್ಟಿದ್ದೆ.

ಸಂಜೆ ಫೋನ್ ಮಾಡಿದೆ. “ಯವ್ವಾ, ಪಾಸಾದೆ. ಬಂದ ಕೂಡ್ಲೆ ನಿನ್ನ ನಡಾ ನಾನ ತುಳಿತೇನಿ ನೋಡು.”

“ಅಯ್ಯ, ಬ್ಯಾಡವಾ! ಮಗಳ ಕಾಲು ತಾಯಿ ಮೈಗೆ ಹತ್ತಬಾರದು. ನಿನಗ ಪಾಪ ಬರತೈತಿ. ಈಗ ನಾ ಆರಾಮ ಅದೀನಿ. ಅರಕೇರಿಯಿಂದ ಒಂದು ಪಾಯಾಳು ಹುಡುಗಿ ಬಂದಿತ್ತು. ಮೂರ ಸಲ ತುಳದು ಹೋತು, ನಡಾ ಬಿಟ್ಟೈತಿ.”

“ಎಷ್ಟ ವಯಸ್ಸು ಆಕಿಗೆ?”

“ಎಂಟಿರಬೇಕು. ಭಾಳ ಚೊಲೊ ಹುಡುಗಿ. ಬೆಲ್ಲಾ ಕೊಟ್ಟು ಕಳಿಸೇನಿ.”

ಫೋನ್ ಇಟ್ಟು ಅತ್ತೆ. ಅವ್ವನ ನೋವು ಹೋಯಿತೆಂದು ಸಂತೋಷಪಡಬೇಕಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಎಂಟು ವರ್ಷದ ಹುಡುಗಿಯ ಮೇಲೆ. ಅವಳಿಗೆ ಇನ್ನು ನಾಲ್ಕೇ ವರ್ಷ ಎಂದು ನೆನಪಾದಾಗ ಅದೂ ಹೋಗಿ ಬರೀ ಸಂಕಟ ಉಳಿಯಿತು.

ಮರುದಿನ ಬೆಳಿಗ್ಗೆ ಗುರುಗಳಿಗೆ, ಉಳಿಯುತ್ತೇನೆ ಎಂದೆ.

“ತಾಯಿ ಏನೆಂದರು?” ಎಂದು ಕೇಳಿದರು.

“ಅವರ ನಡ ವಾಸಿಯಾಗಿದೆಯಂತೆ,” ಎಂದೆ.