ಶಾಲೆಯ ಹೊತ್ತಿನ ಮಳೆ

ಮೊನ್ನೆ ಗ್ಯಾರೇಜ್ ಗುಡಿಸುವಾಗ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ ಸಿಕ್ಕಿತು. ತಳದಲ್ಲಿ ಒಂದು ಹಿಡಿ ಒಣ ಎಲೆ. ಎರಡು ಹನಿ ನೀರು ಚಿಮುಕಿಸಿ ಮೂಗಿನ ಹತ್ತಿರ ಹಿಡಿದೆ. ಓಲ್ಡ್ ಬ್ರಿಡ್ಜ್ ಊರಿನ ನನ್ನ ಗ್ಯಾರೇಜಿನಲ್ಲಿ ಮರಳುಗಾಡಿನ ಮಳೆಯ ವಾಸನೆ... ಪಕ್ಕದ ಮನೆಯ ಆಂಟಿ ಕೊಟ್ಟಿದ್ದ, ನೀರು ತಾಗಿದರೆ ಮಳೆಯ ವಾಸನೆ ಬರುವ ಮರಳುಗಾಡಿನ ಪೊದೆಯ ಎಲೆಗಳವು.

ಇಲ್ಲಿ ಮಗಳ ಜೊತೆ ಇರಲು ಬರುವ ಮೊದಲು ಆಂಟಿ ಅರಿಜೋನಾದ ಮರಳುಗಾಡಿನ ಒಂದು ಪುಟ್ಟ ಊರಿನಲ್ಲಿ ಟೀಚರ್ ಆಗಿದ್ದರು. ಮೈಸೂರಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು, ಟೀಚರ್ ವೀಸಾದ ಮೇಲೆ ಸೀದಾ ಅಲ್ಲಿಗೆ ಹೋಗಿ ಇಳಿದಿದ್ದರು! ಹಿಂದೆ ಅಲ್ಲಿ ತಾಮ್ರದ ಗಣಿಯಿತ್ತಂತೆ, ರೈಲು ನಿಲ್ಲುತ್ತಿತ್ತಂತೆ. ಗಣಿ ಮುಚ್ಚಿತು, ಜನ ಚದುರಿದರು. ಉಳಿದದ್ದು ನಲವತ್ತು ಮನೆ, ಎರಡು ಕೋಣೆಯ ಶಾಲೆ, ಹನ್ನೊಂದು ಮಕ್ಕಳು. "ಆಕಾಶ ಅಂದ್ರೆ ಆಕಾಶ ಕಣೇ, ಎಷ್ಟು ನೋಡಿದ್ರೂ ಮುಗಿಯಲ್ಲ" ಎನ್ನುತ್ತಿದ್ದರು. ಅವರು ಹೇಳುತ್ತಾ ಹೋದರೆ ನಮ್ಮ ಮನೆ ಹಿಂದಿನ ಮರದ ಡೆಕ್ಕಿನ ಮೇಲೂ ಬಿಸಿಗಾಳಿ ಸುಳಿದ ಹಾಗಾಗುತ್ತಿತ್ತು...

ಅಲ್ಲೊಂದು ಪದ್ಧತಿ. ಶಾಲೆಯ ಹೊತ್ತಿನಲ್ಲಿ ಮಳೆ ಬಂದರೆ ಪಾಠ ನಿಲ್ಲಿಸಿ ಎಲ್ಲರೂ ಹೊರಗೆ ಹೋಗಿ ನೆನೆಯಬೇಕು. ವರ್ಷಕ್ಕೊಮ್ಮೆ ಹಾಗೆ ಬಂದರೆ ಪುಣ್ಯ. ಹೊಸ ಟೀಚರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊದಲ ಹನಿ ಬೀಳುತ್ತಲೇ ಅಪ್ಪಟ ಮೈಸೂರು ಮೇಡಂ ಹಾಗೆ, ನೆಗಡಿಯಾಗುತ್ತದೆಂದು ಮಕ್ಕಳನ್ನೆಲ್ಲ ಒಳಗೆ ಕೂಡಿ ಬಾಗಿಲು ಹಾಕಿಬಿಟ್ಟರು. ಮಕ್ಕಳು ಕಿಟಕಿಗೆ ಮುಖವೊತ್ತಿ ಅತ್ತವಂತೆ. ಹತ್ತು ನಿಮಿಷಕ್ಕೆ ಮಳೆ ನಿಂತಿತು. ಪದ್ಧತಿಯ ವಿಷಯ ಆಂಟಿಗೆ ಗೊತ್ತಾದದ್ದು ಆಮೇಲೆ.

ಮಗಳು "ಸಾಕಮ್ಮ, ಬಾ" ಎಂದು ಗೋಗರೆದರೂ ಇನ್ನೊಂದು ಮಳೆಗಾಗಿ ಆಂಟಿ ಮತ್ತೊಂದು ವರ್ಷ ಅಲ್ಲೇ ಉಳಿದರು. ಬಂದ ಮಳೆಯೆಲ್ಲ ಭಾನುವಾರ, ಇಲ್ಲವೇ ರಜೆಯಲ್ಲಿ. ಆಮೇಲೆ ಮಕ್ಕಳು ಸಾಲದೆ ಶಾಲೆಯೇ ಮುಚ್ಚಿಹೋಯಿತು.

"ಹನ್ನೊಂದು ಮಕ್ಕಳ ಮಳೆ ಕಿತ್ಕೊಂಡ್‌ಬಿಟ್ಟೆ ಕಣೇ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ಮಕ್ಕಳಲ್ಲಿ ಒಬ್ಬಳು ಪ್ರತಿ ಡಿಸೆಂಬರ್ ಅವರಿಗೆ ಕಾರ್ಡ್ ಕಳಿಸುತ್ತಿದ್ದಳು. ಅದರಲ್ಲಿದ್ದ ಫೋನ್ ನಂಬರನ್ನು ಆಂಟಿ ನನಗೆ ಬರೆದುಕೊಟ್ಟರು. "ನನಗೆ ಧೈರ್ಯ ಇಲ್ಲ. ನೀನೇ ಕೇಳು, ಆವತ್ತಿಂದು ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದಾಳಾ ಅಂತ."

"ಈ ವೀಕೆಂಡ್ ಕಾಲ್ ಮಾಡ್ತೀನಿ ಆಂಟಿ" ಎಂದೆ. ನನ್ನ ವೀಕೆಂಡಿಗೆ ಬೆಂಕಿ ಬೀಳ! ಎರಡು ವರ್ಷ ಅದೇ ರಾಗ ಹಾಡಿದೆ. ಕಳೆದ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು.

ಮೊನ್ನೆ ಕೊನೆಗೂ ಫೋನ್ ಮಾಡಿದೆ. ಆಂಟಿ ಹೋದ ಸುದ್ದಿಯನ್ನು ಆ ಶಿಷ್ಯೆಗೆ ಹೇಳಿದೆ. ಮಳೆಯ ವಿಷಯ ಎತ್ತಿದೆ. ಹೌದು, ಅತ್ತಿದ್ದೆವು ಎಂದಳು. ಆದರೆ ಮರುದಿನ ಟೀಚರ್ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ತಾವು ಬೆಂಚು ಹತ್ತಿ, ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ ಒಬ್ಬೊಬ್ಬರ ತಲೆಯ ಮೇಲೂ ಮಳೆ ಸುರಿಸಿದ್ದರಂತೆ. ಆ ಶಾಲೆಯಲ್ಲಿ ಅಷ್ಟು ನಕ್ಕ ದಿನ ಇನ್ನೊಂದಿಲ್ಲವಂತೆ. "ಅದನ್ನು ಅವರು ನಿಮಗೆ ಹೇಳಲೇ ಇಲ್ಲವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹೇಳಿರಲಿಲ್ಲ. ಮರೆತಿದ್ದರೋ, ಕ್ಯಾನಿನ ನೀರು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದರೋ... ಮೂರು ನಿಮಿಷದ ಮಾತು. ಆಂಟಿ ಬದುಕಿದ್ದಾಗ ಕೇಳಿ, ಬೇಲಿಯಾಚೆ ಹೋಗಿ ಹೇಳಿದ್ದರೆ ಸಾಕಿತ್ತು.