ಒಂದು ಮುಖ, ಎರಡು ಚೌಕ

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಇದು: ಅಜ್ಜಿ ತೀರಿಕೊಂಡ ಮೇಲೆ ಅವಳ ತಂಗಿ ಒಡವೆಗಾಗಿ ಜಗಳ ತೆಗೆದಳು, ಸಿಗಲಿಲ್ಲ, ಮುನಿಸಿಕೊಂಡು ಹೋದವಳು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ನಾನು ಇದನ್ನು ನಂಬಲಿಲ್ಲ. ನಂಬದಿದ್ದದ್ದು ಚಿಕ್ಕಜ್ಜಿಯ ಮೇಲಿನ ಪ್ರೀತಿಯಿಂದೇನಲ್ಲ, ಅವರನ್ನು ನಾನು ನೋಡಿಯೇ ಇರಲಿಲ್ಲ. ಕಥೆ ಪೊಳ್ಳಾಗಿತ್ತು, ಅಷ್ಟೆ.

ಎದುರು ಪಕ್ಷದವರು ಏನೇ ಹೇಳಲಿ, ಮೊದಲು ಸಾಕ್ಷಿ ಯಾರು ಅಂತ ಕೇಳು. ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಇದನ್ನೇ. ಈ ಕಥೆಗೆ ಸಾಕ್ಷಿ ನನ್ನ ಅತ್ತೆ. ಅವಳು ಅಜ್ಜನ ಎರಡನೇ ಮದುವೆಯ ಮಗಳು, ಜಗಳ ನಡೆಯಿತು ಅನ್ನುವ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ. ಒಡವೆ ಯಾವುದು ಅಂತ ಕೇಳಿದರೆ ಒಂದು ಹಬ್ಬಕ್ಕೆ ಎರಡೆಳೆ ಸರ ಅನ್ನುವಳು, ಇನ್ನೊಂದು ಹಬ್ಬಕ್ಕೆ ಬಳೆ.

"ಅದು ಬಿಡು ಅತ್ತೆ, ಕೋಪ ಮಾಡ್ಕೊಂಡೋರು ವರ್ಷಾ ವರ್ಷಾ ಮಿಡಿ ಉಪ್ಪಿನಕಾಯಿ ಕಳಿಸ್ತಾರಾ?"

"ನಿನ್ನ ಕೈಗೆ ಮೈಕ್ ಕೊಟ್ಟೋರಿಗೆ ಬೈಬೇಕು ಮಾರಾಯ್ತಿ. ಮದುವೆ ಆದ್ಮೇಲೂ ಹೀಗೇ ಪಾಯಿಂಟ್ ಹಾಕ್ತಿರು, ಅರಿಶಿನ ಮಾಸೋ ಮುಂಚೆ ವಾಪಸ್ ಕಳಿಸ್ತಾರೆ."

ಉಪ್ಪಿನಕಾಯಿಯ ಮಾತು ಮಾತ್ರ ಸುಳ್ಳಲ್ಲ. ಅಪ್ಪ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಮಾವಿನಮಿಡಿಯ ಕಾಲ ಕಳೆದ ಮೇಲೆ ಭದ್ರಾವತಿ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರ್ ಅಲ್ಲಿ ಒಂದು ಜಾಡಿ ಇಳಿಸಿ ಹೋಗುತ್ತಿದ್ದ. ಖಾಲಿಯಾದ ಜಾಡಿಯನ್ನು ಅಪ್ಪ ಯಾರ ಕೈಗೂ ಕೊಡದೆ ತಾನೇ ತೊಳೆದು, ಬಿಸಿಲಿಗಿಟ್ಟು, ಅದೇ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸುತ್ತಿದ್ದ. ದಿನಾ ಬೆಳಿಗ್ಗೆ ಶಿವಮೊಗ್ಗದಲ್ಲಿ ಅಪ್ಪ ಹತ್ತುವ ಬಸ್ಸು ಮುಂದೆ ಚಿಕ್ಕಜ್ಜಿ ಇದ್ದ ಭದ್ರಾವತಿಯ ಓಲ್ಡ್ ಟೌನಿಗೇ ಹೋಗುತ್ತಿತ್ತು. ಅಪ್ಪ ಮಾತ್ರ ಮಾಚೇನಹಳ್ಳಿಯಲ್ಲಿ ಇಳಿದುಬಿಡುತ್ತಿದ್ದ.

ನಾನಾಗ ಡಿಗ್ರಿ ಎರಡನೇ ವರ್ಷ. ಅಮ್ಮ ಸೊರಬದ ಕಡೆ ಒಂದು ಶಾಲೆಯಲ್ಲಿ ಟೀಚರ್, ಮನೆಗೆ ಬರುವುದು ಶನಿವಾರ ಸಂಜೆ, ಹೊರಡುವುದು ಭಾನುವಾರ ಮಧ್ಯಾಹ್ನ. ಅಪ್ಪನಿಗೆ ಓವರ್‌ಟೈಮ್ ಇದ್ದ ದಿನ ನಮ್ಮ ಮನೆಯಲ್ಲಿ ಮಾತಾಡುವುದು ಕುಕ್ಕರ್ ಒಂದೇ. ಗೆದ್ದ ಕಪ್ಪುಗಳು ಶೋಕೇಸಿನಲ್ಲಿದ್ದವು, ನೋಡುವವರಿರಲಿಲ್ಲ. ಗೆಳತಿಯರು ನನ್ನನ್ನು ಸಿನಿಮಾಕ್ಕೆ ಕರೆಯುವುದನ್ನೂ ಬಿಟ್ಟಿದ್ದರು. "ಅವಳ್ನ ಕರೀಬೇಡ್ರೇ, ಇಂಟರ್‌ವಲ್‌ನಲ್ಲಿ ಕಥೆ ಸರಿಯಿಲ್ಲ ಅಂತ ಶುರು ಮಾಡ್ತಾಳೆ." ವಾದ ಮಾಡಲು ಎದುರಿಗೆ ಯಾರೂ ಇಲ್ಲದ ಇಂಥ ಸಂಜೆಗಳಲ್ಲೇ ನಾನು ಆ ಸ್ಕ್ರ್ಯಾಪ್‌ಬುಕ್ ಶುರು ಮಾಡಿದ್ದು.

ಉದ್ದನೆಯ ಡ್ರಾಯಿಂಗ್ ಪುಸ್ತಕ. ಮೊದಲ ಹಾಳೆಯಲ್ಲಿ ವಂಶದ ಮರ, ಪ್ರತಿ ಹೆಸರಿನ ಮೇಲೆ ಫೋಟೋಗೆಂದು ಒಂದು ಚೌಕ. ಮುಂದಿನ ಹಾಳೆಗಳಲ್ಲಿ ಲಗ್ನಪತ್ರಿಕೆಯ ತುಂಡು, ಅಜ್ಜನ ಅಂಗಿಯ ಗುಂಡಿ, ಅಮ್ಮನ ಧಾರೆ ಸೀರೆಯಿಂದ ಉದುರಿದ ಜರಿ. ಸಂಬಂಧಿಕರ ಮನೆಗಳ ಟ್ರಂಕು ತೆಗೆಸಿ, ಹಾಲ್‌ಟಿಕೆಟ್ಟಿನ ಫೋಟೋವನ್ನೂ ಬಿಡದೆ ತಂದು ಅಂಟಿಸಿದೆ. ಕೊನೆಗೆ ಎರಡೇ ಚೌಕ ಖಾಲಿ ಉಳಿದವು, ಅಜ್ಜಿಯದು ಮತ್ತು ಅವಳ ತಂಗಿಯದು.

ಅಜ್ಜಿಯ ಫೋಟೋ ಇತ್ತು, ಗೋಡೆಯ ಮೇಲೆ ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ. ಸ್ಟುಡಿಯೋದ ಕುರ್ಚಿಯ ತುದಿಯಲ್ಲಿ ಕೂತ ಹೆಂಗಸು. ಉಟ್ಟ ಸೀರೆ ಅವಳದಲ್ಲವೇನೋ ಅನ್ನುವಷ್ಟು ದೊಗಳೆ. ಎಡಗಡೆಯ ಹುಬ್ಬು ನಡುವೆ ಸೀಳಿತ್ತು. ಅಪ್ಪ ಅದಕ್ಕೆ ಕೈ ಮುಗಿಯದೆ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅಜ್ಜಿ ಹೋದಾಗ ಅವನಿಗೆ ನಾಲ್ಕು ವರ್ಷ. ಒಮ್ಮೆ ನಾನು ದೇವರು ದಿಂಡರು ಅಂತೆಲ್ಲ ವಾದ ಹೂಡಿ ಇದಕ್ಕೂ ಯಾಕೆ ಕೈ ಮುಗಿಯುತ್ತೀ ಅಂದಿದ್ದಕ್ಕೆ, "ನಂಗೆ ಅಮ್ಮನ ದನಿ ನೆನಪಿಲ್ಲ. ಈ ಮುಖ ಒಂದೇ ಇರೋದು" ಅಂದಿದ್ದ.

ಅಪ್ಪನನ್ನು ಕೇಳಿಯೇ ಕಟ್ಟು ಇಳಿಸಿ, ಗಾಂಧಿ ಬಜಾರಿನ ಸ್ಟುಡಿಯೋದಲ್ಲಿ ಅದರಿಂದ ಒಂದು ಸಣ್ಣ ಕಾಪಿ ತೆಗೆಸಿದೆ. ಅಂಟಿಸುವ ಮೊದಲು ಅಜ್ಜಿಯ ತವರಿನ ಹೆಸರುಗಳನ್ನು ಖಚಿತ ಮಾಡಿಕೊಳ್ಳಬೇಕಿತ್ತು, ಚಿಕ್ಕಜ್ಜಿಯ ಫೋಟೋ ಒಂದನ್ನು ಕೇಳಬೇಕಿತ್ತು. ಕಾಪಿಯನ್ನು ಪುಸ್ತಕದಲ್ಲಿ ಸಿಕ್ಕಿಸಿಕೊಂಡು, ಒಂದು ಭಾನುವಾರ ಅಮ್ಮ ಸೊರಬದ ಬಸ್ಸು ಹತ್ತಿದ ಮೇಲೆ ನಾನು ಭದ್ರಾವತಿಯ ಬಸ್ಸು ಹತ್ತಿದೆ. ಎಲ್ಲಿಗೆ ಅಂತ ಅಪ್ಪನಿಗೆ ಹೇಳಿದ್ದೆ.

ಓಲ್ಡ್ ಟೌನಿನ ಒಂದು ವಠಾರ. ಚಿಕ್ಕಜ್ಜಿ ಮದುವೆಯಾಗಿರಲಿಲ್ಲ, ಹುಡುಗಿಯರಿಗೆ ಹೊಲಿಗೆ ಹೇಳಿಕೊಟ್ಟು ಬದುಕಿದವರು. ಬಾಗಿಲು ತೆರೆದಾಗ ಅವರ ಕನ್ನಡಕದ ಮೇಲೆ ನಾನು ಮೊದಲು ಕಂಡದ್ದು ಎಡ ಹುಬ್ಬು. ನಡುವೆ ಸೀಳಿತ್ತು.

ಇಂಥವರ ಮಗಳು ಅಂದೆ.

"ಓ, ಕಪ್ ಗೆಲ್ಲೋಳು! ಕಂಡಕ್ಟರ್ ಹೇಳ್ತಿರ್ತಾನೆ. ಬಾ ಒಳಗೆ, ಬಾಗಿಲಲ್ಲೇ ಭಾಷಣ ಶುರು ಮಾಡ್ಬೇಡ." ಕೂರುವುದರೊಳಗೆ ಪ್ರಶ್ನೆ ಬಂತು. "ಅವನ ತಲೇಲಿ ಕೂದಲಿದೆಯಾ? ಅವರಪ್ಪಂಗೆ ಬೇಗ ಉದುರಿತ್ತು."

"ಅರ್ಧ ಇದೆ."

"ಈಗ್ಲೂ ಸಾರನ್ನ ಬಿಟ್ಟು ಮೊದ್ಲು ಮೊಸರನ್ನ ಕೇಳ್ತಾನಾ?"

ಕೇಳುತ್ತಿದ್ದ. ಇವರಿಗೆ ಹೇಗೆ ಗೊತ್ತು ಅಂತ ಯೋಚಿಸುತ್ತಲೇ ಪುಸ್ತಕ ತೆರೆದು ಕೊಟ್ಟೆ. ಮರವನ್ನು ಬೆರಳಿಟ್ಟು ಏರುತ್ತಾ ಬಂದವರು ಕಾಪಿ ಸಿಕ್ಕಿಸಿದ್ದ ಅಜ್ಜಿಯ ಚೌಕದಲ್ಲಿ ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

ಅಕ್ಕತಂಗಿಯರಿಗೆ ಹೋಲಿಕೆ ಇರುತ್ತದೆ, ಅದು ಸಾಕ್ಷಿಯಲ್ಲ. ಆದರೆ ಗಾಯ ರಕ್ತಸಂಬಂಧದಲ್ಲಿ ಬರುವುದಿಲ್ಲವಲ್ಲ.

"ಹುಬ್ಬಿಗೆ ಏನಾಗಿತ್ತು ಚಿಕ್ಕಜ್ಜಿ?"

"ಗಾಜನೂರಲ್ಲಿ, ಹೊಳೆ ಮೆಟ್ಟಿಲ ಮೇಲೆ ಬಿದ್ದಿದ್ದೆ. ಸಣ್ಣೋಳಿದ್ದಾಗ."

"ಅಜ್ಜಿನೂ ಬಿದ್ದಿದ್ರಾ?"

ನನ್ನ ಮುಖವನ್ನೇ ನೋಡಿದರು. "ಇಲ್ಲ. ಅಕ್ಕ ಜೋಪಾನದೋಳು. ಬಿದ್ದೋಳು ನಾನೊಬ್ಳೇ."

ಆಮೇಲೆ ತಾವಾಗೇ ಹೇಳಿದರು. ಅಜ್ಜಿಯ ಫೋಟೋವನ್ನು ಯಾರೂ ಯಾವತ್ತೂ ತೆಗೆಸಿರಲಿಲ್ಲ. ವೈಕುಂಠ ಸಮಾರಾಧನೆಗೆ ಮೊದಲು ಅಜ್ಜ, ಮಗುವಿಗೆ ಕೈ ಮುಗಿಯಲು ಒಂದು ಮುಖ ಬೇಕಲ್ಲ, ನೀನು ಅಕ್ಕನ ಹಾಗೇ ಇದ್ದೀಯ ಅಂತ, ಅಕ್ಕನ ಸೀರೆ ಉಡಿಸಿ ಇವರನ್ನು ಸ್ಟುಡಿಯೋಗೆ ಕರೆದುಕೊಂಡು ಹೋದರು. ಕಟ್ಟು ಬಂತು. ಹಾರ ಬಿತ್ತು.

"ನಿಮ್ಮಪ್ಪ ಫೋಟೋ ನೋಡಿದ. ನನ್ನ ನೋಡಿದ. ಅಮ್ಮ ಇಳ್ಕೊಂಡು ಬಂದ್ಲು ಅಂದ. ಆಮೇಲೆ ನನ್ನ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಲೂ ತುತ್ತು ತಗೊಳ್ಲಿಲ್ಲ, ಬಚ್ಚಲಿಗೆ ಹೋದ್ರೂ ಸೆರಗು ಹಿಡ್ಕೊಂಡು ಹಿಂದೆ. ದೊಡ್ಡೋರಿಗೆ ಭಯ ಆಯ್ತು. ಮಗು ತಲೆ ಕೆಡುತ್ತೆ, ಬದುಕಿರೋ ಹುಡುಗಿ ಹಾರ ಹಾಕಿದ ತನ್ನ ಫೋಟೋ ಮುಂದೆ ಓಡಾಡೋದೂ ಒಳ್ಳೇದಲ್ಲ, ಸ್ವಲ್ಪ ದಿನ ಬರಬೇಡ ಅಂದ್ರು." ಪುಸ್ತಕವನ್ನು ಮುಚ್ಚಿ ನನ್ನ ಕಡೆ ಸರಿಸಿದರು. "ಆ ಸ್ವಲ್ಪ ದಿನ ಮುಗೀತು ಅಂತ ಯಾರೂ ಬಂದು ಹೇಳ್ಲಿಲ್ಲ."

"ಮತ್ತೆ ಒಡವೆ?"

"ಯಾವ ಒಡವೆ? ಅಕ್ಕನ ಮೈಮೇಲೆ ಕರಿಮಣಿ ಬಿಟ್ರೆ ಏನಿತ್ತು?"

ನನ್ನ ವಾದ ಗೆದ್ದಿತ್ತು. ಗೆದ್ದಾಗ ಎದೆಯಲ್ಲಿ ಏಳುವ ಆ ಸಣ್ಣ ಉಬ್ಬರಕ್ಕೆ ಕಾದೆ, ಬರಲಿಲ್ಲ. ಪಕ್ಕದ ಮನೆಯ ರೇಡಿಯೋದಲ್ಲಿ ಯಾರೋ ತಮಿಳಿನಲ್ಲಿ ನಗುತ್ತಿದ್ದರು.

"ನಡೀರಿ, ಇವತ್ತೇ ಸ್ಟುಡಿಯೋಗೆ ಹೋಗೋಣ. ನಿಮ್ಮ ಚೌಕಕ್ಕೆ ಹೊಸದೊಂದು ತೆಗೆಸೋಣ."

"ಒಂದ್ಸಲ ಕೂತಿದ್ದಕ್ಕೆ ಬದುಕಿರುವಾಗ್ಲೇ ಹಾರ ಬಿತ್ತಲ್ಲೇ ಮಾರಾಯ್ತಿ! ವೋಟಿನ ಕಾರ್ಡಿಗೆ ಫೋಟೋ ತೆಗೆಯೋಕೆ ಕರೆದಾಗ್ಲೂ ಊರಲ್ಲಿಲ್ಲ ಅಂತ ಹೇಳ್ಸಿ ಒಳಗೆ ಕೂತಿದ್ದೆ." ನಕ್ಕರು. ಆಮೇಲೆ ನಗಲಿಲ್ಲ. "ಅವನಿಗೆ ಹೇಳ್ಬೇಡ."

"ಯಾಕೆ? ಇದು ನಿಮ್ಮ ಮುಖ."

"ಅವನಿಗಿರೋದು ಅದೊಂದೇ. ಇಟ್ಕೊಳ್ಲಿ."

"ಅವನನ್ನ ನೋಡ್ಬೇಕು ಅಂತ ಅನ್ಸಲ್ವಾ ನಿಮಗೆ?"

"ಅನ್ಸದೆ ಏನು? ಆದ್ರೆ ಅವನು ಬಂದು ಈ ಹುಬ್ಬು ನೋಡಿದ ಅಂದ್ಕೋ, ಅವರಮ್ಮ ಇನ್ನೊಂದ್ಸಲ ಸಾಯ್ತಾಳೆ ಕಣೇ."

ವಾಪಸ್ ಬರುವ ಬಸ್ಸಿನಲ್ಲಿ ಕಾಪಿಯನ್ನು ಪುಸ್ತಕದಿಂದ ತೆಗೆದು ಕೈಯಲ್ಲೇ ಹಿಡಿದುಕೊಂಡು ಕೂತೆ. ಅಜ್ಜಿಯ ಚೌಕದಲ್ಲಿ ಅಂಟಿಸಿದರೆ ಅದು ಸುಳ್ಳು, ಚಿಕ್ಕಜ್ಜಿ ಎಲ್ಲೂ ಇಲ್ಲದವರಾಗುತ್ತಾರೆ. ಚಿಕ್ಕಜ್ಜಿಯದರಲ್ಲಿ ಅಂಟಿಸಿದರೆ ಅದು ನಿಜ, ಅಪ್ಪ ತಾಯಿಯಿಲ್ಲದವನಾಗುತ್ತಾನೆ. ಪರ ಮತ್ತು ವಿರೋಧ ಎರಡನ್ನೂ ನಾನೇ ವಾದಿಸಿದೆ. ತೀರ್ಪು ಕೊಡುವವರು ಯಾರೂ ಇರಲಿಲ್ಲ. ಯಾರಿಗಾದರೂ ಹೇಳಿಕೊಳ್ಳೋಣ ಅಂದರೆ, ಇದನ್ನು ಕೇಳುವಂಥ ಒಬ್ಬ ಗೆಳತಿಯನ್ನೂ ನಾನು ಉಳಿಸಿಕೊಂಡಿರಲಿಲ್ಲ.

ಮನೆಯಲ್ಲಿ ಅಪ್ಪ ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ. ಓಲ್ಡ್ ಟೌನಿನ ಬಗ್ಗೆ ಏನೂ ಕೇಳಲಿಲ್ಲ. ಕೈ ಒರೆಸಿಕೊಂಡು ಪುಸ್ತಕ ಎಳೆದುಕೊಂಡ, ಮೊದಲ ಹಾಳೆ ತೆರೆದ, ಎರಡು ಖಾಲಿ ಚೌಕ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಕಾಪಿ ನೋಡಿದ.

"ಇದನ್ಯಾಕೆ ಇನ್ನೂ ಅಂಟಿಸಿಲ್ಲ?"

"ಗೋಂದು ಖಾಲಿ."

ಗೋಂದಿನ ಬಾಟಲಿ ಕಿಟಕಿಯಲ್ಲೇ ಇತ್ತು, ಮುಕ್ಕಾಲು ತುಂಬಿ. ಅಪ್ಪ ಅತ್ತ ಒಮ್ಮೆ ನೋಡಿ, ಮತ್ತೆ ಅವರೆಕಾಯಿಗೆ ಕೈ ಹಾಕಿದ. ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿದ. ಅದನ್ನು ಹೆಕ್ಕಿ ತೆಗೆಯಲೂ ಇಲ್ಲ.

ಚಿಕ್ಕಜ್ಜಿ ಹೇಳಬೇಡ ಅಂದಿದ್ದರು. ಕರೆಯಬೇಡ ಅಂದಿರಲಿಲ್ಲ.

"ಅಪ್ಪ, ಮುಂದಿನ ಭಾನುವಾರ ಮತ್ತೆ ಹೋಗ್ತೀನಿ. ನೀನೂ ಬರ್ತೀಯಾ?"