ದೂರದವಳ ದನಿ
ಚನ್ನಪಟ್ಟಣದ ರೇಡಿಯೊ ರಿಪೇರಿ ಅಂಗಡಿ ಮುಚ್ಚಿ ಅಕ್ಕೂರಿಗೆ ಬಂದ ಚೆಲುವಯ್ಯ, ಹುಣಸೆಮರಕ್ಕೆ ನೂರು ಗಜ ತಂತಿ ಎಳೆದು, ಯಾವುದೋ ದೇಶ ನೀರೊಳಗಿನ ಹಡಗುಗಳಿಗೆ ಕಳಿಸುವ ಸಣ್ಣ ಸಿಳ್ಳೆಯನ್ನು ತಾನು ಕಟ್ಟಿದ ಪೆಟ್ಟಿಗೆಯಲ್ಲಿ ಹಿಡಿದ ದಿನವೇ ಅವನ ಹೆಂಡತಿ ಸಾಕಮ್ಮನಿಗೆ ಸವತಿ ಬಂದಳು. "ನಾಕು ಸಾವ್ರ ಮೈಲಿಯಿಂದ ಬಂದವ್ಳೆ ಕಣೇ!" ಎಂದು ಕುಣಿದಾಡಿದ ಗಂಡ, ಪಕ್ಕದೂರಿನಿಂದ ಬಂದ ಹೆಂಡತಿಯನ್ನು ಒಂದು ದಿನವೂ ಹಾಗೆ ಕೊಂಡಾಡಿರಲಿಲ್ಲ. ಊರಲ್ಲಿ ರೇಷ್ಮೆ ನೂಲು ತೆಗೆಯುವ ಮೋಟರುಗಳು ಹೆಚ್ಚಿದಂತೆಲ್ಲ ಅವುಗಳ ಗೊರಗೊರ ಪೆಟ್ಟಿಗೆಯೊಳಗೆ ತುಂಬಿ ಸಿಳ್ಳೆ ಮುಳುಗುತ್ತಿತ್ತು. ಯಾರಿಗೂ ತಲೆಬಾಗದ ಮನುಷ್ಯ ಸಂಜೆಯಾದರೆ ಮನೆಮನೆಗೆ ಹೋಗಿ, "ಹತ್ನಿಮಿಷ ಮೋಟ್ರು ನಿಲ್ಸಪ್ಪಾ, ನಿನ್ ದಮ್ಮಯ್ಯ" ಎಂದು ಕೈಮುಗಿಯುತ್ತಿದ್ದ. ಮನೆಯಲ್ಲೂ ಮಿಕ್ಸಿ, ಫ್ಯಾನು, ಟ್ಯೂಬ್‌ಲೈಟು ಎಲ್ಲ ಬಂದ್. ಸಾಕಮ್ಮ ಮಬ್ಬುಗತ್ತಲಲ್ಲಿ ಒರಳಿಗೆ ಖಾರ ಹಾಕಿ ಅರೆಯುತ್ತ, "ಬಂದ್ಲಾ ನಿಮ್ ಮಿಟುಕಲಾಡಿ?" ಎಂದು ಚುಚ್ಚುವಳು. ಹೊತ್ತು ಮುಳುಗುವಾಗ ಸಿಳ್ಳೆ ಒಂದಿಷ್ಟು ಸೊರಗಿದರೂ ಚೆಲುವಯ್ಯ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಸಾಕಮ್ಮ ಹದಿನೈದು ದಿನ ಜ್ವರದಲ್ಲಿ ಸೊರಗಿದ್ದು ಅದರ ಯಾವ ಪುಟದಲ್ಲೂ ಇರಲಿಲ್ಲ. ಅಂಥವನು ಹಾಸಿಗೆ ಹಿಡಿದು, ಕಿವಿ ಪೂರ್ತಿ ಮಂದವಾದ ಮೇಲೆ, ಒಂದು ಸಂಜೆ ಹೆಡ್‌ಫೋನನ್ನು ಹೆಂಡತಿಯ ತಲೆಗೆ ತೊಡಿಸಿ ಕೊನೆಯದಾಗಿ ಕೇಳಿದ್ದು ಇಷ್ಟೇ: "ನಂಗೇನೂ ಕೇಳ್ತಿಲ್ಲ ಸಾಕಿ. ಅವ್ಳು ಬಂದವ್ಳಾ, ಒಸಿ ನೀನೇ ಕೇಳಿ ಹೇಳು."